ಬುತ್ತಿ ಇಲ್ಲದಿದ್ದರೆ ಸೂಜಿ ಇಲ್ಲ

ಆ ಕೋಣೆಯನ್ನು ನನಗೆ ಕೊಟ್ಟಿದ್ದು ದಯೆಯಿಂದಲ್ಲ, ಪೀಡೆ ತೊಲಗಲಿ ಎಂದು. ಹುಚ್ಚುನಾಯಿ ಕಡಿದವರಿಗೆ ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಕೋಣೆ ಅದು. ಆಸ್ಪತ್ರೆಯ ಹಿಂಬದಿಯಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿತ್ತು. ತೇವಕ್ಕೆ ಗೋಡೆಯ ಸುಣ್ಣ ಹಪ್ಪಳದ ಹಾಗೆ ಎದ್ದಿತ್ತು. ಆಡಳಿತ ವೈದ್ಯಾಧಿಕಾರಿ ಬೀಗದ ಕೈಯನ್ನು ಮೇಜಿನ ಮೇಲೆ ನನ್ನತ್ತ ತಳ್ಳಿ, "ತಗೊಳ್ಳಿ ಮೇಡಂ, ನಿಮ್ಮ ಕ್ಯಾನ್ಸರ್ ಆಸ್ಪತ್ರೆ" ಎಂದು ನಕ್ಕರು. ಅಲ್ಲಿದ್ದ ಗುಮಾಸ್ತರೂ ನಕ್ಕರು. ನಾನು ಬೀಗದ ಕೈ ತೆಗೆದುಕೊಂಡು ಎದ್ದು ಬಂದೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳ ಜನ ಬರುತ್ತಿದ್ದ ಒಂದು ಸರ್ಕಾರಿ ಆಸ್ಪತ್ರೆ ಎಂದರೆ ಸಾಕು. ನಾನು ಅಲ್ಲಿ ಸಹಾಯಕ ವೈದ್ಯೆ. ಅದಕ್ಕೂ ಹಿಂದಿನ ವರ್ಷ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳು ಇದ್ದು, ಕ್ಯಾನ್ಸರ್ ರೋಗಿಗಳಿಗೆ ನರಕ್ಕೆ ಔಷಧ ಕೊಡುವುದನ್ನು ಕಲಿತು ಬಂದಿದ್ದೆ.

ಕಲಿಯಲು ಹೋಗಿದ್ದಕ್ಕೂ ಸಿಟ್ಟೇ ಕಾರಣ. ನಮ್ಮ ಕಡೆಯ ಹೆಂಗಸರಿಗೆ ಎದೆಯಲ್ಲಿ ಗಡ್ಡೆ ಕಂಡರೆ ಹಾಸನದಲ್ಲಿ ಆಪರೇಷನ್ ಆಗುತ್ತಿತ್ತು. ಆಮೇಲೆ ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ ಔಷಧ ಹೋಗಬೇಕು. ಅದಕ್ಕೆ ಬೆಂಗಳೂರೇ ಗತಿ. ಎಡಕುಮೇರಿಯ ಕಾಡಿನಲ್ಲಿ ರೈಲು ಹಳಿ ಕಾಯುವವನ ಹೆಂಡತಿಗೆ, ಕೆ. ಹೊಸಕೋಟೆಯಾಚೆಯ ಎಸ್ಟೇಟಿನ ಕೂಲಿ ಮನೆಗಳ ಸಾಲಿನಲ್ಲಿ, ಲೈನಿನಲ್ಲಿ ಇರುವವಳಿಗೆ ಬೆಂಗಳೂರು ಅಂದರೆ ಎಷ್ಟು ದೂರ? ಮೊದಲನೆಯದಕ್ಕೆ ಹೋಗುತ್ತಿದ್ದರು, ಎರಡನೆಯದಕ್ಕೆ ಅತ್ತುಕೊಂಡು ಹೋಗುತ್ತಿದ್ದರು, ಮೂರನೆಯದಕ್ಕೆ ನಿಲ್ಲುತ್ತಿದ್ದರು. ಕೆಲವು ತಿಂಗಳು ಕಳೆದು ಅವರೇ ನನ್ನ ಹೊರರೋಗಿಗಳ ಸಾಲಿನಲ್ಲಿ "ಬೆನ್ನು ನೋವು ಕಣ್ರೀ" ಎಂದು ಬಂದು ನಿಲ್ಲುತ್ತಿದ್ದರು. ಕಾಯಿಲೆ ಅಷ್ಟರಲ್ಲಿ ಬೆನ್ನುಮೂಳೆಗೆ ಇಳಿದಿರುತ್ತಿತ್ತು. ನೋವಿನ ಮಾತ್ರೆ ಬರೆದುಕೊಟ್ಟು ಕಳಿಸುವಾಗ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತಿತ್ತು.

ಬೆಂಗಳೂರಿನ ಹಿರಿಯ ವೈದ್ಯರೊಬ್ಬರು ಒಪ್ಪಿಕೊಂಡಿದ್ದರು. ಮೊದಲ ಸಲದ ಔಷಧ ಅಲ್ಲಿ ಕೊಡುವುದು, ಉಳಿದ ಐದು ಸಲದ ಬಾಟಲಿಗಳನ್ನು ಕಟ್ಟಿ ನನ್ನಲ್ಲಿಗೆ ಕಳಿಸುವುದು. ನಮ್ಮ ಆಸ್ಪತ್ರೆ ಕೊಡಬೇಕಾಗಿದ್ದದ್ದು ಒಂದು ಕೋಣೆ, ವಾರಕ್ಕೊಂದು ದಿನ, ಒಬ್ಬ ಸಿಸ್ಟರ್, ಬೆಳಿಗ್ಗೆ ರಕ್ತ ನೋಡಲು ಲ್ಯಾಬಿನವರು. ಅಷ್ಟೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಮ್ಮ ಆಡಳಿತ ವೈದ್ಯಾಧಿಕಾರಿ. ತಿಂಗಳುಗಟ್ಟಲೆ ಕಾಡಿಸಿ ಕೊನೆಗೆ ಕೊಟ್ಟಿದ್ದು ನಾಯಿ ಕಡಿತದ ಕೋಣೆ.

ಹಿರಿಯ ಸಿಸ್ಟರ್ ನನ್ನ ಜೊತೆ ನಿಂತರು. ನನಗಿಂತ ಹೆಚ್ಚು ಸರ್ವೀಸ್ ಆದವರು, ಮಾತು ಕಮ್ಮಿ. ಗುಜರಿಗೆ ಎಂದು ಹಾಕಿದ್ದ ಮಂಚಗಳಲ್ಲಿ ನಾಲ್ಕನ್ನು ಆರಿಸಿ ಬೆಸುಗೆ ಹಾಕಿಸಿದರು. ಗೋಡೆ ಕೆರೆಸಿ ಸುಣ್ಣ ಹೊಡೆಸಿದರು. ಕಿಟಕಿಯ ಪಕ್ಕ ಒಂದು ಮೇಜು ಇಟ್ಟು ಔಷಧ ಕಲಸುವ ಜಾಗ ಮಾಡಿದೆವು. ಮೂರು ಔಷಧಗಳು. ಒಂದು ಬಿಳಿ ಪುಡಿ, ನೀರು ಹಾಕಿ ತೋಳು ಸೋಲುವ ತನಕ ಕುಲುಕಿದರೂ ಬೇಗ ಕರಗದು. ಇನ್ನೊಂದು ಅರಿಸಿನ ಬಣ್ಣದ ದ್ರವ. ಮೂರನೆಯದು ನೀರಿನಷ್ಟು ತಿಳಿ. ಕೈಗೆ ಗ್ಲೌಸ್, ಬಾಯಿಗೆ ಬಟ್ಟೆ. ಬೆಳಿಗ್ಗೆ ಬಂದವರ ರಕ್ತ ತೆಗೆದು ಲ್ಯಾಬಿಗೆ ಕಳಿಸಬೇಕು. ಬಿಳಿ ರಕ್ತಕಣ ಮೂರು ಸಾವಿರಕ್ಕಿಂತ ಕೆಳಗಿದ್ದರೆ ಅಂದು ಔಷಧ ಕೊಡುವಂತಿಲ್ಲ, ಕೊಟ್ಟರೆ ಸಣ್ಣ ಜ್ವರವೂ ಜೀವ ತೆಗೆದೀತು. ಸರಿಯಿದ್ದರೆ ಮೊದಲು ಸಲೈನ್ ಬಿಟ್ಟು ಸೂಜಿ ನರದಲ್ಲೇ ಇದೆಯೇ ಎಂದು ನೋಡಿಕೊಂಡು, ಆಮೇಲೆ ಒಂದೊಂದೇ ಔಷಧವನ್ನು ನಿಧಾನವಾಗಿ ತಳ್ಳಬೇಕು. ಜನ ಅದನ್ನು "ಸೂಜಿ ರೂಮು" ಎಂದು ಕರೆದರು. ಮಂಗಳವಾರ ಸೂಜಿ ದಿನವಾಯಿತು.

ಕೆ. ಹೊಸಕೋಟೆ ಕಡೆಯಿಂದ ಪೇಟೆಗೆ ಕಾಫಿ ಮೂಟೆ ತರುತ್ತಿದ್ದ ಜೀಪಿನ ಮಾಲೀಕರೊಬ್ಬರಿದ್ದರು, ಪೇಟೆಯ ಮುಸ್ಲಿಂ ಮನೆತನದವರು. ಅವರ ತಾಯಿ ಇದೇ ಕಾಯಿಲೆಯಲ್ಲಿ, ಬೆಂಗಳೂರಿಗೆ ಅಲೆದು ಅಲೆದು, ಅರ್ಧಕ್ಕೆ ಬಿಟ್ಟು ತೀರಿಕೊಂಡಿದ್ದರು. ಮಂಗಳವಾರ ಮೂಟೆಗಳ ನಡುವೆ ಜಾಗ ಮಾಡಿ ಹೆಂಗಸರನ್ನು ಕೂರಿಸಿಕೊಂಡು ಬರುತ್ತಿದ್ದರು. "ನಮ್ಮ ಅಮ್ಮನ ಕಾಲಕ್ಕೆ ಈ ರೂಮು ಇರ್ಬೇಕಿತ್ತು ಮೇಡಂ" ಎಂದು ಒಂದು ಸಲ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಪಾಳ್ಯ ಎಂಬ ಊರಿನ ಹೆಂಗಸೊಬ್ಬಳು ಬಂದದ್ದು ಹೀಗೆ ಕೋಣೆ ಶುರುವಾದ ಹೊಸದರಲ್ಲಿ. ನಲವತ್ತರ ಆಸುಪಾಸು. ಗದ್ದೆ, ಹೊಲ, ಅಂಚಿನಲ್ಲಿ ಸ್ವಲ್ಪ ಕಾಫಿ ಇದ್ದ ಶೈವರ ಮನೆ. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಎಡಗಡೆಯ ಸ್ತನ ತೆಗೆದಿದ್ದರು, ಗಾಯ ಚೆನ್ನಾಗಿ ಮಾಗಿತ್ತು. ಕಾಯಿಲೆ ಬೇರೆಲ್ಲೂ ಹರಡಿರಲಿಲ್ಲ. ಆರೂ ಸಲ ಔಷಧ ಹೋದರೆ ಬದುಕುವ ಹೆಂಗಸು. ಬೆಂಗಳೂರಿನವರು ಪತ್ರದಲ್ಲಿ ಅದನ್ನೇ ಅಡಿಗೆರೆ ಎಳೆದು ಬರೆದಿದ್ದರು. ಅತ್ತೆ ಜೊತೆಗೆ ಬರುತ್ತಿದ್ದಳು, ಬಾಗಿದ ಬೆನ್ನಿನ ಮುದುಕಿ. ಸೊಸೆಯ ಚಪ್ಪಲಿಯನ್ನೂ ತಾನೇ ಕೈಯಲ್ಲಿ ಹಿಡಿದು ಬಾಗಿಲ ಹೊರಗೆ ಕೂರುತ್ತಿದ್ದಳು.

ಎರಡನೆಯ ಸೂಜಿ ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಬಂದಾಗ ರವಿಕೆ ಸಡಿಲವಾಗಿತ್ತು, ಬಾಯೆಲ್ಲ ಹುಣ್ಣು. ರಕ್ತಕಣ ಮೂರು ಸಾವಿರಕ್ಕೆ ಕೆಳಗೆ. ಒಂದು ವಾರ ಬಿಟ್ಟು ಬನ್ನಿ ಎಂದೆ. ವಾರ ಬಿಟ್ಟು ಬಂದಾಗ ಇನ್ನೂ ಇಳಿದಿದ್ದಳು. ಮತ್ತೆ ಮುಂದೂಡಿದೆ. ಅತ್ತೆ ಎದ್ದು ನಿಂತು ಹೇಳಿದಳು: "ನೋಡವ್ವಾ ಡಾಕ್ಟ್ರಮ್ಮ, ನನ್ನ ಮಗ ಹೇಳ್ಬುಟ್ಟವ್ನೆ. ಈ ಸೂಜಿನೇ ಅವಳನ್ನ ತಿಂತಾ ಐತೆ ಅಂತ. ಇನ್ನೊಂದು ಸಲ ಸುಮ್ನೆ ವಾಪಸ್ ಕಳ್ಸುದ್ರೆ ನಾವು ಬರಾಕಿಲ್ಲ."

ನನಗೆ ದಿಕ್ಕು ತೋಚಲಿಲ್ಲ. ಬೆಂಗಳೂರಿನಲ್ಲಿ ಇದೇ ಔಷಧ, ಇದೇ ಅಳತೆ, ಎಷ್ಟೋ ಜನಕ್ಕೆ ಕೊಟ್ಟಿದ್ದೆ. ಹೀಗೆ ಕರಗಿದವರನ್ನು ಕಂಡಿರಲಿಲ್ಲ. ಅದೂ ಇವಳೊಬ್ಬಳಲ್ಲ. ಎಸ್ಟೇಟ್ ಲೈನಿನಿಂದ ಬರುತ್ತಿದ್ದ ಹೆಂಗಸು, ಪೇಟೆಯ ಇನ್ನಿಬ್ಬರು, ಎಲ್ಲರದೂ ಅದೇ ಕಥೆ. ಲ್ಯಾಬಿನವರ ಲೆಕ್ಕ ತಪ್ಪಿರಬಹುದೆಂದು ನಾನೇ ಮೈಕ್ರೋಸ್ಕೋಪಿನ ಮುಂದೆ ಕೂತು ಮತ್ತೆ ಎಣಿಸಿದೆ. ತಪ್ಪಿರಲಿಲ್ಲ. ಬಾಟಲಿಗಳ ಅವಧಿ ನೋಡಿದೆ, ಸರಿಯಿತ್ತು. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದರೆ, "ಊಟ ಸರಿಯಾಗಿ ಮಾಡ್ತಾರಾ?" ಎಂದು ಕೇಳಿದರು. ಮಾಡದೆ ಏನು, ಉಳುಮೆಯ ಮನೆ, ಕಣಜ ತುಂಬಿದೆ ಎಂದೆ.

ಉತ್ತರ ಸಿಕ್ಕಿದ್ದು ಮುಂದಿನ ಮಂಗಳವಾರ. ರಕ್ತ ಏರುವ ತನಕ ಪಾಳ್ಯದವಳನ್ನು ಸುಮ್ಮನೆ ವಾಪಸ್ ಕಳಿಸದೆ ಬರೀ ಸಲೈನ್ ಹಾಕಿ ಮಲಗಿಸುತ್ತಿದ್ದೆ. ಕಿಟಕಿಯ ಬಳಿ ಬೆನ್ನು ತಿರುಗಿಸಿ ಔಷಧ ಕುಲುಕುತ್ತಿದ್ದೆ. ಹಿಂದೆ ನಾಲ್ಕೂ ಮಂಚಗಳ ಮೇಲೆ ಹೆಂಗಸರು ಮಾತಾಡುತ್ತಿದ್ದರು.

"ನಾನು ಮೊಸರು ಮುಟ್ಟಿ ಮೂರು ತಿಂಗ್ಳಾಯ್ತು ಕಣಕ್ಕ. ನಂಜು" ಎಂದಳು ಪೇಟೆಯವಳು.

"ಮೊಸರೊಂದೇಯಾ? ನಾನು ಹಾಲು, ತುಪ್ಪ, ಸೊಪ್ಪು, ಬದ್ನೆಕಾಯಿ ಎಲ್ಲ ಬುಟ್ಟಿವ್ನಿ" ಎಂದಳು ಲೈನಿನವಳು. "ಒಣಮೀನಿನ ವಾಸ್ನೆ ಬಂದ್ರೂ ಆ ಕಡೆ ಹೋಗಾಕಿಲ್ಲ."

ಪಾಳ್ಯದವಳು ನಿಧಾನವಾಗಿ, ಗೆದ್ದವಳ ಗತ್ತಿನಲ್ಲಿ ಹೇಳಿದಳು: "ನಾನು ಉಪ್ಪೇ ಬುಟ್ಬುಟ್ಟೆ. ಬರೀ ಗಂಜಿ. ಮೆಣಸಿನ ನೀರು. ನಮ್ಮತ್ತೆ ಅಂಗೇ ಮಾಡಿಕೊಡ್ತಳೆ. ಪಥ್ಯ ಅಂದ್ರೆ ಪಥ್ಯ."

ಉಳಿದ ಮೂವರೂ "ಹೌದಾ!" ಎಂದು ಬೆರಗಾಗಿ ಅವಳನ್ನು ನೋಡಿದರು. ಮುಂದಿನ ವಾರ ಅವರೂ ಉಪ್ಪು ಬಿಡುವವರೇ.

ಬಾಟಲಿ ಕೆಳಗಿಟ್ಟೆ. ಸಿಟ್ಟು ನೆತ್ತಿಗೇರಿತು. ನಮ್ಮ ಸೀಮೆಯಲ್ಲಿ ಯಾವ ಔಷಧಕ್ಕೂ ಪಥ್ಯ ಉಂಟು. ನಾಟಿ ಮದ್ದು ಕೊಡುವವನು ಹೇಳುತ್ತಾನೆ, ಮನೆಯ ಹಿರಿಯರು ಹೇಳುತ್ತಾರೆ, ಯಾರೂ ಹೇಳದಿದ್ದರೆ ತಾವೇ ಹಿಡಿಯುತ್ತಾರೆ. ಮದ್ದು ದೊಡ್ಡದಾದಷ್ಟೂ ಪಥ್ಯ ದೊಡ್ಡದು. ಕೂದಲು ಉದುರಿಸುವಷ್ಟು ಖಡಕ್ ಮದ್ದು ಅಂದರೆ ಇನ್ನೆಂಥ ಪಥ್ಯ ಬೇಕು! ಬೆಂಗಳೂರಿನಲ್ಲಿ ಒಬ್ಬೊಬ್ಬರೇ ಬಂದು ಹೋಗುತ್ತಿದ್ದರು. ಇಲ್ಲಿ ನಾಲ್ವರು ಒಂದೇ ಕೋಣೆಯಲ್ಲಿ ಕೂತು, ಯಾರ ಪಥ್ಯ ಗಟ್ಟಿ ಎಂದು ಪಂದ್ಯ ಕಟ್ಟಿದ್ದರು. ನಾನು ಕಷ್ಟಪಟ್ಟು ಕಟ್ಟಿದ ಕೋಣೆಯೇ ಅವರಿಗೆ ಉಪವಾಸ ಕಲಿಸುವ ಶಾಲೆಯಾಗಿತ್ತು.

ನಾನು ಕೂಗಾಡಿದೆ. ಬುದ್ಧಿ ಇದೆಯಾ ನಿಮಗೆ, ರಕ್ತ ಎಲ್ಲಿಂದ ಬರಬೇಕು, ಗಂಜಿಯಿಂದಲಾ ಎಂದೆ. ಬಾಗಿಲಲ್ಲಿದ್ದ ಅತ್ತೆಯ ಕಡೆ ತಿರುಗಿ, "ನಿಮ್ಮ ಮನೇಲಿ ಅವರೆಕಾಯಿ ಕಾಲದಲ್ಲಿ ಎಲ್ಲರೂ ಹಿತಕಿದ ಬೇಳೆ ಸಾರು ಉಂಡು, ಸೊಸೆಗೆ ಮಾತ್ರ ಉಪ್ಪಿಲ್ಲದ ಗಂಜಿ ಹಾಕ್ತೀರಲ್ಲ, ನಿಮಗೆ ನಾಚಿಕೆ ಆಗಲ್ವಾ?" ಎಂದುಬಿಟ್ಟೆ.

ಸೊಸೆಯೇ ಹೇಳಿದಳು: "ಅವಳೂ ಗಂಜಿನೇ ಕುಡಿಯೋದು ಡಾಕ್ಟ್ರಮ್ಮ. ನಾನು ಪಥ್ಯ ಹಿಡಿದ ದಿನದಿಂದ ಅವಳೂ ಉಪ್ಪು ಮುಟ್ಟಿಲ್ಲ."

"ಅವಳು ಬಾಯಿ ಹುಣ್ಣಲ್ಲಿ ಸಪ್ಪೆ ನುಂಗ್ತಾ ಕೂತಿದ್ರೆ, ನನಗೆ ಅವರೆ ಸಾರು ಗಂಟ್ಲಲ್ಲಿ ಇಳಿದಾದಾ?" ಎಂದು ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು.

ಅಂದು ನನ್ನ ಸಿಟ್ಟಿಗೆ ಹೋಗಲು ಜಾಗವಿಲ್ಲದಂತಾಯಿತು. ಅದು ನೇರ ಆಡಳಿತ ವೈದ್ಯಾಧಿಕಾರಿಯ ಕೋಣೆಗೆ ಹೋಯಿತು. ಮಂಗಳವಾರ ಈ ನಾಲ್ಕು ಜನಕ್ಕೆ ಆಸ್ಪತ್ರೆಯ ಅಡುಗೆಮನೆಯಿಂದ ಒಂದು ಹೊತ್ತಿನ ಊಟ ಕೊಡಿ, ನನ್ನ ಕಣ್ಣೆದುರು ಉಣ್ಣಲಿ ಎಂದೆ. ಅವರು ತಲೆ ಎತ್ತದೆ, "ಒಳರೋಗಿಗಳಿಗೆ ಬ್ರೆಡ್ಡು ಹಾಲು ಇದೆ. ಹೊರರೋಗಿಗೆ ಊಟ ಹಾಕೋಕೆ ಇದೇನು ಛತ್ರವೇ?" ಎಂದರು. ಹಾಗಾದರೆ ಬೆಳಿಗ್ಗೆ ಒಳರೋಗಿ ಎಂದು ಸೇರಿಸಿಕೊಂಡು ಸಂಜೆ ಬಿಡುಗಡೆ ಮಾಡುತ್ತೇನೆ ಎಂದೆ. ನಾಯಿ ಕಡಿತದ ಕೋಣೆ ವಾರ್ಡ್ ಅಲ್ಲ, ಅಲ್ಲಿ ಒಳರೋಗಿ ಇರುವಂತಿಲ್ಲ ಎಂದರು. ನಿಯಮ ಅವರ ಬಾಯಲ್ಲಿ ಎಲೆ ಅಡಿಕೆಯಷ್ಟು ಸಲೀಸಾಗಿ ಆಡುತ್ತಿತ್ತು.

ಹಿಂದಿನ ಕೋಣೆಗೆ ಬಂದು ಸಿಸ್ಟರ್ ಪಕ್ಕದ ಸ್ಟೂಲಿನಲ್ಲಿ ಕೂತೆ. ಸಿಸ್ಟರ್ ಸೂಜಿಗಳನ್ನು ಕುದಿಯಲು ಇಡುತ್ತಿದ್ದರು. ಬೈದರೆ ಇವರು ನನ್ನೆದುರು ಹೂಂ ಎಂದು ಮನೆಯಲ್ಲಿ ಗಂಜಿಯೇ ಕುಡಿಯುತ್ತಾರೆ, ಏನು ಮಾಡಲಿ ಎಂದು ಕೇಳಿದೆ. "ಪಥ್ಯ ಬಿಡಿ ಅಂದ್ರೆ ಬಿಡಲ್ಲ ಡಾಕ್ಟ್ರೇ. ಪಥ್ಯ ಬಿಟ್ಟು ಹೆಚ್ಚುಕಮ್ಮಿ ಆದ್ರೆ ಮನೆಯೋರೆಲ್ಲ ಅವಳನ್ನೇ ಅಂತಾರೆ" ಎಂದರು ಸಿಸ್ಟರ್. ಆಗ ಹೊಳೆಯಿತು. ಬಿಡಿ ಅನ್ನುವುದೇ ಬೇಡ.

ಮುಂದಿನ ಮಂಗಳವಾರ ನಾಲ್ವರನ್ನೂ, ಜೊತೆಗೆ ಬಂದವರನ್ನೂ ಕೋಣೆಯೊಳಗೆ ಕೂರಿಸಿದೆ. ಮುಖ ಗಂಟು ಹಾಕಿಕೊಂಡು ಹೇಳಿದೆ: "ಇಷ್ಟು ದಿನ ನೀವು ಹಿಡಿದಿದ್ದು ನಾಟಿ ಮದ್ದಿನ ಪಥ್ಯ. ಇದು ಬೇರೆ ಮದ್ದು, ಇದರ ಪಥ್ಯವೇ ಬೇರೆ. ದಿನಾ ರಾಗಿ ಮುದ್ದೆ, ಕಾಳಿನ ಸಾರು, ಸೊಪ್ಪು, ಎರಡು ಹೊತ್ತು ಮೊಸರು. ತಿನ್ನೋರು ಮೊಟ್ಟೆ, ಮೀನು ಬಿಡುವಂಗಿಲ್ಲ. ಒಂದು ದಿನ ತಪ್ಪಿದರೂ ಮದ್ದು ಹತ್ತಲ್ಲ. ಸೂಜಿ ದಿನ ಮನೆಯಿಂದ ಬುತ್ತಿ ತಂದು ಇಲ್ಲೇ ನನ್ನೆದುರು ಉಣ್ಣಬೇಕು. ಬುತ್ತಿ ಇಲ್ಲದಿದ್ದರೆ ಸೂಜಿ ಇಲ್ಲ."

ಅತ್ತೆ ಎದ್ದಳು. "ಮೊಸರು ತಿಂದು ಗಾಯ ನಂಜಾದ್ರೆ ಯಾರವ್ವಾ ಜವಾಬ್ದಾರಿ?"

"ನಾನು" ಎಂದೆ. "ನನ್ನ ಮನೆ ಬಾಗಿಲಿಗೆ ಬಂದು ಬೈಯಿರಿ."

"ಬೈತೀನಿ" ಎಂದಳು ಮುದುಕಿ, ಖಂಡಿತವಾಗಿ. ಹಾಗೆ ಹೇಳಿ ಕೂತಳು.

ಪಂದ್ಯ ತಿರುಗಿತು. ಮುಂದಿನ ಸಲ ಡಬ್ಬಿಗಳು ಬಿಚ್ಚಿಕೊಂಡವು. ಲೈನಿನವಳು ಮೊಟ್ಟೆ ತಂದಿದ್ದಳು. ಪೇಟೆಯವಳು ಒಂದು ಮುದ್ದೆ ಉಂಡರೆ ಪಾಳ್ಯದವಳು ಒಂದೂವರೆ ಉಂಡಳು, ಬಾಯಿ ಹುಣ್ಣಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ನುಂಗಿದಳು. "ಪಥ್ಯ ಅಂದ್ರೆ ಪಥ್ಯ" ಎಂದಳು ಅದೇ ಗತ್ತಿನಲ್ಲಿ. ಸಿಸ್ಟರ್ ಮೊದಲ ಬಾರಿ ಬಾಯ್ತುಂಬ ನಕ್ಕದ್ದು ಅಂದು. ರಕ್ತಕಣ ಏರಿತು. ಮೂರನೆಯ ಸೂಜಿ ಹೋಯಿತು, ನಾಲ್ಕನೆಯದೂ ಹೋಯಿತು. ಆದರೂ ಪಾಳ್ಯದವಳ ಗಂಡನ ಮಾತು ಹಾಗೇ ನಿಂತಿತ್ತು. ಸುಮ್ಮನೆ ವಾಪಸ್ ಕಳಿಸಿದರೆ ಮುಗಿಯಿತು.

ಅಷ್ಟರಲ್ಲಿ ಮಾರ್ಚ್ ಬಂತು. ಆ ಕಾಲದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದವರಿಗೆ ಮಾರ್ಚ್ ಅಂದರೆ ಏನೆಂದು ಗೊತ್ತು. ಸಂತಾನಹರಣ ಆಪರೇಷನ್‌ಗಳ ಗುರಿ ಮುಟ್ಟಬೇಕು. ಗುರಿ ತಲುಪದಿದ್ದರೆ ಮೇಲಿನವರು ಕೆಳಗಿನವರನ್ನು, ಕೆಳಗಿನವರು ಅದಕ್ಕೂ ಕೆಳಗಿನವರನ್ನು ಹರಿದು ತಿನ್ನುತ್ತಿದ್ದರು. ಊರೂರಿನಿಂದ ಹೆಂಗಸರನ್ನು ವ್ಯಾನಿನಲ್ಲಿ ತುಂಬಿ ತರುತ್ತಿದ್ದರು. ಕ್ಯಾಂಪ್ ಯಾವ ದಿನ ಬೇಕಾದರೂ ಇಡಬಹುದಿತ್ತು. ಇಟ್ಟಿದ್ದು ಮಂಗಳವಾರ, ಪಾಳ್ಯದವಳ ಐದನೆಯ ಸೂಜಿಯ ದಿನ. ನನಗೆ ಹೇಳಲೂ ಇಲ್ಲ.

ಬೆಳಗಿನ ಹೊರರೋಗಿಗಳನ್ನು ಮುಗಿಸಿ ಹಿಂದಕ್ಕೆ ಬಂದು ನೋಡುತ್ತೇನೆ, ನನ್ನ ಕೋಣೆಯ ಬೀಗ ಒಡೆದಿದೆ. ಆಪರೇಷನ್ ಆದ ಹೆಂಗಸರಿಗೆ ಮಂಚ ಬೇಕಾಗಿ ತೆಗೆದುಕೊಂಡಿರಬಹುದು, ಅವರೂ ನೋಯುವವರೇ, ಹೇಗೋ ಹೊಂದಿಸಿಕೊಳ್ಳೋಣ ಎಂದುಕೊಂಡು ಒಳಗೆ ಹೋದೆ. ಮಂಚಗಳ ಮೇಲೆ ಹೆಂಗಸರಿರಲಿಲ್ಲ. ಜಿಲ್ಲೆಯಿಂದ ಬರುವ ಅಧಿಕಾರಿಗಳ ಊಟದ ಡಬರಿಗಳಿದ್ದವು. ಪಲಾವ್, ಕೇಸರಿಬಾತ್, ಬಾಳೆ ಎಲೆಯ ಕಟ್ಟು. ಹೆಂಗಸರು ಹೊರಗಿನ ಜಗಲಿಯಲ್ಲಿ, ಬರಿ ನೆಲದ ಚಾಪೆಗಳ ಮೇಲೆ ಸಾಲಾಗಿ ಬಿದ್ದಿದ್ದರು. ಒಬ್ಬಳು ವಾಂತಿ ಮಾಡಿಕೊಂಡು ಅದರ ಪಕ್ಕದಲ್ಲೇ ಮಲಗಿದ್ದಳು.

ಇವತ್ತಿಗೂ ಆ ಡಬರಿಗಳು ಕಣ್ಣಿಗೆ ಕಟ್ಟಿದ ಹಾಗಿವೆ.

ಆಡಳಿತ ವೈದ್ಯಾಧಿಕಾರಿ ಇಸ್ತ್ರಿ ಮಾಡಿದ ಸಫಾರಿಯಲ್ಲಿ ಓಡಾಡುತ್ತಿದ್ದರು. "ನಿಮ್ಮೋರು ಮುಂದಿನ ವಾರ ಬರಲಿ" ಎಂದರು. ಮುಂದಿನ ವಾರ ಅವರು ಬರುವುದಿಲ್ಲ ಸಾರ್, ಮತ್ತೆಂದೂ ಬರುವುದಿಲ್ಲ ಎಂದೆ. "ಒಂದು ವಾರಕ್ಕೆ ಯಾರೂ ಸಾಯಲ್ಲ ಮೇಡಂ" ಎಂದು ಹೇಳಿ, ಗೇಟಿನಲ್ಲಿ ಕಾರಿನ ಸದ್ದಾಯಿತೆಂದು ಓಡಿದರು.

ತೊಟ್ಟಿಯ ಪಕ್ಕದಲ್ಲಿ ನನ್ನವರು ನಿಂತಿದ್ದರು. ಪಾಳ್ಯದವಳು, ಲೈನಿನವಳು, ಅತ್ತೆ. ಪೇಟೆಯ ಇಬ್ಬರದೂ ಆರು ಸಲ ಮುಗಿದಿತ್ತು. ಕೈಯಲ್ಲಿ ಬುತ್ತಿ. ರಕ್ತ ಆಗಲೇ ನೋಡಿಯಾಗಿತ್ತು, ಇಬ್ಬರದೂ ಸರಿಯಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಇವತ್ತೂ ವಾಪಸ್ಸಾ ಡಾಕ್ಟ್ರಮ್ಮ?" ಎಂದು ಕೇಳಿದಳು.

ಇಡೀ ಆಸ್ಪತ್ರೆಯಲ್ಲಿ ಅಂದು ಖಾಲಿಯಿದ್ದ ಕೋಣೆ ಒಂದೇ. ಶುಚಿಯಾಗಿತ್ತು, ಫ್ಯಾನ್ ಇತ್ತು, ಕೈ ತೊಳೆಯಲು ನಲ್ಲಿಯಿತ್ತು, ಬೆಳಕು ಚೆನ್ನಾಗಿತ್ತು. ಆಡಳಿತ ವೈದ್ಯಾಧಿಕಾರಿಯ ಕೋಣೆ. ಸಿಸ್ಟರನ್ನು ನೋಡಿದೆ. ಅವರನ್ನು ಕ್ಯಾಂಪ್ ಡ್ಯೂಟಿಗೆ ಹಾಕಿದ್ದರು. ಅವರು ಔಷಧದ ತಟ್ಟೆ ಎತ್ತಿಕೊಂಡು ನನಗಿಂತ ಮುಂದೆ ನಡೆದರು.

ಪಾಳ್ಯದವಳನ್ನು ಅಧಿಕಾರಿಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದೆ, ಕೈ ಚಾಚಲು ಅದಕ್ಕೇ ತೋಳಿತ್ತು. ಲೈನಿನವಳು ಸಂದರ್ಶಕರ ಬೆಂಚಿನಲ್ಲಿ. ಮೊದಲು ಊಟ. ನಿಯಮ ಅಂದರೆ ನಿಯಮ, ನನಗೂ ಒಂದಿರಲಿ. ಗಾಜು ಹಾಸಿದ ಮೇಜಿನ ಮೇಲೆ ಮುದ್ದೆಯ ಡಬ್ಬಿ, ಕಾಳು ಸಾರು, ಮೊಸರು. ಆಮೇಲೆ ಬಲಗೈಗೆ ಸೂಜಿ. ಬಿಳಿ ಪುಡಿಯ ಔಷಧ ಹೋಗಿತ್ತು, ಹಳದಿಯದು ಹೋಗುತ್ತಿತ್ತು, ಆಗ ಬಾಗಿಲು ತೆರೆಯಿತು. ಜಿಲ್ಲೆಯ ಅಧಿಕಾರಿ, ಹಿಂದೆ ನಮ್ಮ ಆಡಳಿತ ವೈದ್ಯಾಧಿಕಾರಿ, ಅವರ ಹಿಂದೆ ಕಾಫಿ ತಟ್ಟೆ ಹಿಡಿದ ಜವಾನ.

"ಏನಿದು?" ಎಂದರು ಜಿಲ್ಲೆಯವರು.

ನಾನು ಸಿರಿಂಜಿನಿಂದ ಕಣ್ಣು ತೆಗೆಯುವಂತಿರಲಿಲ್ಲ. ನನ್ನ ಬದಲು ಪಾಳ್ಯದವಳೇ ಹೇಳಿದಳು: "ನಮ್ಮ ರೂಮಲ್ಲಿ ನಿಮ್ಮ ಊಟ ಐತಂತೆ ಸಾರ್. ಅದುಕ್ಕೆ ನಾವು ಇಲ್ಲಿ ಬಂದೋ. ಒಸಿ ತಡೀರಿ, ಇನ್ನೊಂದೇ ಬಾಕಿ."

ಅವರು ತಡೆದರು. ಬೇರೇನು ಮಾಡಿಯಾರು? ನರದಲ್ಲಿ ಸೂಜಿ ಇದ್ದವಳನ್ನು ಎಬ್ಬಿಸುವಂತಿಲ್ಲ. ಕಾಫಿ ಆರಿಹೋಯಿತು.

ನನಗೆ ನೋಟಿಸ್ ಬಂತು. ಚಿಕಿತ್ಸೆಯ ಬಗ್ಗೆ ಅದರಲ್ಲಿ ಒಂದು ಅಕ್ಷರ ಇರಲಿಲ್ಲ. ಸರ್ಕಾರಿ ಮೇಜಿನ ಮೇಲೆ ಸಾರು ಚೆಲ್ಲಿದ್ದಕ್ಕೆ ಸಮಜಾಯಿಷಿ ಕೇಳಿದ್ದರು. ಸಾರು ಚೆಲ್ಲಿಲ್ಲ, ಮೊಸರು ಚೆಲ್ಲಿದೆ ಎಂದು ಬರೆದುಕೊಟ್ಟೆ. ಅದರ ಬೆನ್ನಿಗೇ ವರ್ಗಾವಣೆ. ಕೆ. ಹೊಸಕೋಟೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕೂಡಲೇ ಹೊರಡಬೇಕು. ಪಾಳ್ಯದವಳಿಗೆ ಇನ್ನೂ ಒಂದು ಸೂಜಿ ಬಾಕಿಯಿತ್ತು. ಲೈನಿನವಳಿಗೆ ಎರಡು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದರೆ ಇದೇ. ಬಾಟಲಿಗಳ ಬೀರುವಿನ ಬೀಗದ ಕೈಯನ್ನು ಸಿಸ್ಟರ್ ಕೈಗೆ ಕೊಟ್ಟು, ಬೇರೆ ಡಾಕ್ಟರು ಕೊಡುತ್ತಾರೇನೋ ಕೇಳಿ ಎಂದೆ. ನನಗೆ ನಂಬಿಕೆಯಿರಲಿಲ್ಲ.

ಹೊಸ ಜಾಗದಲ್ಲಿ ಕೆಮ್ಮು, ಕಜ್ಜಿ, ಜಂತುಹುಳು ನೋಡುತ್ತ ಕೂತೆ. ಪಾಳ್ಯದವಳ ಕೊನೆಯ ಸೂಜಿಯ ಮಂಗಳವಾರ ಹತ್ತಿರ ಬಂದಷ್ಟೂ ಯಾರ ಮೇಲೆಂದರೆ ಅವರ ಮೇಲೆ ರೇಗುತ್ತಿದ್ದೆ. ಮಂಗಳವಾರ ಮಧ್ಯಾಹ್ನಕ್ಕೆ ಮುಂಚೆ ಜೀಪು ಬಂದು ಅಂಗಳದಲ್ಲಿ ನಿಂತಿತು. ಮೂಟೆಗಳಿರಲಿಲ್ಲ.

"ಹತ್ತಿ ಮೇಡಂ ಬೇಗ" ಎಂದರು ಜೀಪಿನವರು. "ಪಾಳ್ಯದಮ್ಮ ಸಾಹೇಬ್ರ ಬಾಗ್ಲಲ್ಲಿ ಅಡ್ಡ ಕೂತ್ಬುಟ್ಟವ್ಳೆ. ಡಾಕ್ಟ್ರಿಲ್ಲ, ಮನೆಗೋಗು ಅಂದ್ರೆ, ನನ್ನ ಪಥ್ಯ ನಾನು ಮಾಡಿವ್ನಿ, ನಿಮ್ಮ ಸೂಜಿ ನೀವು ಕೊಡಿ ಅಂತವ್ಳೆ. ಲೈನಿನ ಅಕ್ಕನೂ ಪಕ್ಕದಲ್ಲಿ ಕೂತವ್ಳೆ. ಜನ ಸೇರ್ಬುಟ್ಟವ್ರೆ ಮಾರಾಯ್ರೆ."

ರಜೆ ಬರೆದಿಟ್ಟು ಜೀಪು ಹತ್ತಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ವರ್ಷಗಳದು ಸೇರಿತ್ತು.

ಆಸ್ಪತ್ರೆಯಲ್ಲಿ ಹೊರರೋಗಿಗಳ ಸಾಲು ಚದುರಿ ಎಲ್ಲರೂ ಒಂದೇ ಬಾಗಿಲ ಮುಂದೆ ನಿಂತಿದ್ದರು. ಹೊಸ್ತಿಲ ಮೇಲೆ ಪಾಳ್ಯದವಳು, ಖಾಲಿ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಬೋಳು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಒಳಗೆ ಆಡಳಿತ ವೈದ್ಯಾಧಿಕಾರಿ. ಹೊರಬರಬೇಕೆಂದರೆ ಅವಳನ್ನು ದಾಟಬೇಕು. ಹೆಂಗಸಿನ ಮೈ ದಾಟಿ ಹೋಗುವಷ್ಟು ಭಂಡತನ ಅವರಿಗೂ ಇರಲಿಲ್ಲ. ಸಿಸ್ಟರ್ ಔಷಧದ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಇಬ್ಬರ ರಕ್ತದ ಚೀಟಿಯನ್ನೂ ತೋರಿಸಿದರು. ಸರಿಯಿತ್ತು.

ನನ್ನನ್ನು ಕಂಡು ಆಡಳಿತ ವೈದ್ಯಾಧಿಕಾರಿ ಕುರ್ಚಿಯಿಂದ ಎದ್ದರು. "ನಿಮಗೆ ಇಲ್ಲಿ ಯಾವ ಅಧಿಕಾರವೂ ಇಲ್ಲ. ನೀವು ಈ ಆಸ್ಪತ್ರೆಯಲ್ಲಿ ಒಂದು ಸೂಜಿ ಮುಟ್ಟಿದರೂ ಮೇಲಕ್ಕೆ ಬರೀತೀನಿ."

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಬಾಯಿಗೆ ಬಂತು. ಆ ಮನುಷ್ಯನ ಕೊರಳಿನಲ್ಲಿ ಸ್ಟೆತಾಸ್ಕೋಪ್ ನೇತಾಡುತ್ತಿತ್ತು. ಎಷ್ಟೋ ತಿಂಗಳಿಂದ ಅವರ ಮುಂದೆ ಕೋಣೆ ಕೇಳಿದ್ದೆ, ಸಿಸ್ಟರ್ ಕೇಳಿದ್ದೆ, ಊಟ ಕೇಳಿದ್ದೆ. ಕೇಳಬೇಕಾದದ್ದನ್ನೇ ಕೇಳಿರಲಿಲ್ಲ.

"ಸರಿ ಸಾರ್, ನಾನು ಮುಟ್ಟಲ್ಲ" ಎಂದೆ. "ನೀವೂ ಡಾಕ್ಟರೇ. ನೀವು ಕೊಡಿ."

"ನಾನು ಇದನ್ನ ಯಾವತ್ತೂ ಕೊಟ್ಟಿಲ್ಲ."

"ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ಹೇಳ್ತೀನಿ. ಮಾತಾಡೋಕೂ ಅಧಿಕಾರ ಬೇಕಾ?"

ಅವರು ಜನರನ್ನು ನೋಡಿದರು. ಜೀಪಿನವರು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದರು. ಅತ್ತೆ ಸೊಸೆಯನ್ನು ಎಬ್ಬಿಸಿ, ಸೀದಾ ಒಳಗೆ ಕರೆದುಕೊಂಡು ಬಂದು ಆ ದೊಡ್ಡ ಕುರ್ಚಿ ತೋರಿಸಿದಳು. ಪಾಳ್ಯದವಳು ಕೂತು ಬಲಗೈ ಚಾಚಿದಳು. ಸಿಸ್ಟರ್ ತಟ್ಟೆಯನ್ನು ಗಾಜಿನ ಮೇಜಿನ ಮೇಲಿಟ್ಟರು.

ಆಡಳಿತ ವೈದ್ಯಾಧಿಕಾರಿ ಕೈ ತೊಳೆದುಕೊಂಡರು. ತುಂಬ ಹೊತ್ತು ತೊಳೆದರು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಿಂದ ಒತ್ತಿ ನೋಡಿ, ಸೂಜಿ ಚುಚ್ಚಿದರು. ಒಂದೇ ಸಲಕ್ಕೆ ನರ ಸಿಕ್ಕಿತು. ಎಂಥ ಚೆನ್ನಾದ ಕೈ! ಅದನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಇನ್ನೂ ಉರಿಯಿತು. ಇಂಥ ಕೈ ಇಟ್ಟುಕೊಂಡು ಈ ಮನುಷ್ಯ ಇಷ್ಟು ವರ್ಷ ಬರೀ ಬೀಗದ ಕೈ ಹಿಡಿದು ಕೂತಿದ್ದರು. ಸಲೈನ್ ಬಿಡಿ ಎಂದೆ, ಬಿಟ್ಟರು. ಬಿಳಿ ಔಷಧ, ನಿಧಾನ, ಇನ್ನೂ ನಿಧಾನ ಎಂದೆ. ಹಳದಿಯದು. ಕೊನೆಯದು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದರು. ಅವರ ಹಣೆ ಬೆವೆತಿತ್ತು. ರೋಗಿಯ ಕೈ ಹಿಡಿದು ತುಂಬ ದಿನವಾದವರ ಹಾಗೆ, ತಮಗೇ ತಿಳಿಯದೆ ಮೆತ್ತಗೆ ಕೇಳಿದರು: "ನೋವಾಯ್ತೇನಮ್ಮ? ಮುಂದಿನದು ಯಾವಾಗ?"

"ನಂದು ಮುಗೀತು ಸಾರ್, ಇದೇ ಕೊನೇದು" ಎಂದು ಪಾಳ್ಯದವಳು ಕುರ್ಚಿಯಿಂದ ಎದ್ದಳು. ಬಾಗಿಲಲ್ಲಿ ನಿಂತಿದ್ದ ಲೈನಿನವಳ ಕೈ ಹಿಡಿದು ಎಳೆದು ತಂದು ಅದೇ ಕುರ್ಚಿಯಲ್ಲಿ ಕೂರಿಸಿದಳು. "ಮುಂದಿನದು ಈ ಅಕ್ಕಂದು. ಈಗ್ಲೇ. ಊಟ ಆಗೈತೆ."